ನದಿ ದಡ ಖಾಲಿ ಜಾಗವಲ್ಲ

ನಗರದ ನಡುವೆ ಹರಿಯುವ ನದಿಯ ದಡದಲ್ಲಿರುವ ಸರ್ಕಾರಿ ಜಾಗವನ್ನು ಏನು ಮಾಡಬೇಕು? ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಹೆಚ್ಚಿನ ಊರುಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ದಡವೆಂದರೆ ಕಸ ಸುರಿಯುವ ಜಾಗ, ಮರಳಿನ ಲಾರಿ ಇಳಿಯುವ ದಾರಿ, ಒಟ್ಟಿನಲ್ಲಿ ಊರಿನ ಹಿತ್ತಲು. 2016ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಶಿವಮೊಗ್ಗ ಕೇಂದ್ರದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಲೆಕ್ಕ ಬದಲಾಯಿತು. ಶಿವಮೊಗ್ಗದಲ್ಲಿ ತುಂಗೆಯ ದಡ, ಮಂಗಳೂರಿನಲ್ಲಿ ನೇತ್ರಾವತಿಯ ದಡ ‘ರಿವರ್ ಫ್ರಂಟ್’, ‘ವಾಟರ್ ಫ್ರಂಟ್’ ಎಂಬ ಹೊಸ ಹೆಸರು ಪಡೆದವು. ನೋಡನೋಡುತ್ತಿದ್ದಂತೆ ಹಿತ್ತಲೇ ಹೆಬ್ಬಾಗಿಲಾಯಿತು.

ಊರು ನದಿಯ ಕಡೆ ಮುಖ ಮಾಡುವುದು ಒಳ್ಳೆಯದೇ. ಆದರೆ ಈ ಯೋಜನೆಗಳ ಹಿಂದೆ ಒಂದು ಊಹೆ ಅಡಗಿದೆ. ನಕ್ಷೆಯಲ್ಲಿ ಬಣ್ಣ ತುಂಬದೆ ಬಿಟ್ಟ ದಡ ಯಾರಿಗೂ ಬೇಡದ ಖಾಲಿ ಜಾಗ, ಅಲ್ಲಿ ಏನು ಬೇಕಾದರೂ ಕಟ್ಟಬಹುದು ಎನ್ನುವುದೇ ಆ ಊಹೆ. ಇದನ್ನು ಒಪ್ಪಲಾಗದು. ವರ್ಷದಲ್ಲಿ ಕೆಲವು ದಿನ ಆ ಜಾಗ ನದಿಗೆ ಬೇಕು, ಉಳಿದ ದಿನ ಜನರಿಗೆ ಬೇಕು. ಈ ಎರಡು ಹಕ್ಕುಗಳನ್ನೂ ಉಳಿಸಿಕೊಂಡು ಮಾಡುವ ಕೆಲಸವನ್ನಷ್ಟೇ ಅಭಿವೃದ್ಧಿ ಎಂದು ಕರೆಯಬೇಕು.

ಮಂಗಳೂರಿನ ಉದಾಹರಣೆಯನ್ನೇ ನೋಡೋಣ. ಆ ಊರು ಬೆಳೆದದ್ದೇ ನದಿಯ ದಡದಲ್ಲಿ. ಗುರುಪುರ ನದಿಯ ದಡದ ಹಳೆ ಬಂದರಿನಲ್ಲಿ ಕಾಳುಮೆಣಸು, ಕಾಫಿ, ಅಕ್ಕಿಯ ವ್ಯಾಪಾರ ನಡೆಯುತ್ತಿತ್ತು. ನೇತ್ರಾವತಿಯ ದಡದಲ್ಲಿ, ಜೆಪ್ಪುವಿನಲ್ಲಿ, 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆಯಿತು. ನದಿಯ ಜೇಡಿಮಣ್ಣು, ದೋಣಿಯ ಸಾಗಾಟ, ದಡದ ಜಾಗ ಮೂರೂ ಒಟ್ಟಿಗೆ ಸಿಕ್ಕಿದ್ದರಿಂದ ಆ ಸಾಲಿನಲ್ಲಿ ಹಲವು ಕಾರ್ಖಾನೆಗಳು ಎದ್ದವು. ಕೊಡಗಿನ ಹಳೆಯ ಮನೆಗಳ ಮಾಡಿನ ಮೇಲೆ ಇಂದಿಗೂ ಮಂಗಳೂರು ಹೆಂಚನ್ನು ಕಾಣಬಹುದು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಆರಂಭವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಕಾಂಕ್ರೀಟ್ ತಾರಸಿ ಬಂದು ಹೆಂಚಿಗೆ ಬೇಡಿಕೆ ಕುಸಿಯಿತು. ನಗರದ ಹೃದಯಭಾಗಕ್ಕೆ ಹತ್ತಿರವಿದ್ದ ದಡ ಹೀಗೆ ಹಿತ್ತಲಾಯಿತು.

ಆ ದಡಕ್ಕೆ ಮರುಜೀವ ಕೊಡಲು ರೂಪಿಸಿದ್ದೇ ಸ್ಮಾರ್ಟ್ ಸಿಟಿಯ ಜಲಾಭಿಮುಖ ಯೋಜನೆ. ನೇತ್ರಾವತಿಯ ರೈಲ್ವೆ ಸೇತುವೆಯಿಂದ ಬೋಳಾರದ ಸೀ ಫೇಸ್‌ವರೆಗೆ 2.1 ಕಿಲೋಮೀಟರ್ ಉದ್ದದ ನಡಿಗೆ ಪಥ, ಸುಮಾರು 70 ಕೋಟಿ ರೂಪಾಯಿ ವೆಚ್ಚ. ಕೆಲಸ ಶುರುವಾದ ಮೇಲೆ ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಲಾಗಿದೆ, ಕಾಂಡ್ಲಾ ಗಿಡಗಳಿಗೆ ಹಾನಿಯಾಗಿದೆ ಎಂದು ಪರಿಸರಾಸಕ್ತರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋದರು. ಚರ್ಚೆ ಅಲ್ಲಿಗೇ ಎರಡು ಗುಂಪಾಯಿತು. ಒಬ್ಬರಿಗೆ ಇನ್ನೊಬ್ಬರು ‘ಅಭಿವೃದ್ಧಿ ವಿರೋಧಿ’, ಇನ್ನೊಬ್ಬರಿಗೆ ಇವರು ‘ಪರಿಸರ ವಿರೋಧಿ’. ಕಾನೂನಿನ ತೀರ್ಮಾನವನ್ನು ನ್ಯಾಯಮಂಡಳಿ ನೋಡಿಕೊಳ್ಳುತ್ತದೆ. ಮುಂದಿನ ಐವತ್ತು ವರ್ಷ ಆ ದಡವನ್ನು ಬಳಸಬೇಕಾದ ನಮ್ಮ ತಲೆಮಾರು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ.

ಶ್ರೀಮಂಗಲದಲ್ಲಿ ಬೆಳೆದ ನನಗೆ ಮಂಗಳೂರಿನ ದಡದ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಮಲ್ಲಳ್ಳಿ ಜಲಪಾತದಲ್ಲಿ ಧುಮುಕುವ ನಮ್ಮ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ನಮ್ಮೂರ ಪಕ್ಕದ ಇರ್ಪುವಿನ ಲಕ್ಷ್ಮಣತೀರ್ಥ ಹುಣಸೂರನ್ನು ದಾಟಿ ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ನೀರಿನ ಲೆಕ್ಕದಲ್ಲಿ ಕೊಡಗು ಮೇಲಿನ ಮನೆ, ಈ ಊರುಗಳೆಲ್ಲ ಕೆಳಗಿನ ಮನೆ. ಕೆಳಗಿನ ಮನೆಯ ಅಂಗಳದಲ್ಲಿ ಕಟ್ಟುವ ಗೋಡೆಯ ಬಗ್ಗೆ ಮೇಲಿನ ಮನೆಯವರಿಗೂ ಒಂದು ಮಾತು ಇರುತ್ತದೆ. ಜೊತೆಗೆ ಇಂದು ಮಂಗಳೂರಿನಲ್ಲಿ ಆಗುವುದೇ ನಾಳೆ ಕುಶಾಲನಗರಕ್ಕೂ ಮಾದರಿಯಾಗುತ್ತದೆ.

ಜಾಗ ಯಾರದ್ದು?

ಮೊದಲು ಕಾನೂನಿನ ಮಾತು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ನದಿ, ಹಳ್ಳ, ಕೆರೆಗಳ ಪಾತ್ರ ಮತ್ತು ಯಾವ ವ್ಯಕ್ತಿಗೂ ಸೇರದ ಜಮೀನು ರಾಜ್ಯ ಸರ್ಕಾರದ ಸ್ವತ್ತು. ‘ಸರ್ಕಾರದ್ದು’ ಎಂದರೆ ಸರ್ಕಾರ ತನಗೆ ಇಷ್ಟ ಬಂದಂತೆ ಮಾರಬಹುದು, ಗುತ್ತಿಗೆಗೆ ಕೊಡಬಹುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಅದು ಎಂ.ಸಿ. ಮೆಹ್ತಾ ಮತ್ತು ಕಮಲನಾಥ್ ನಡುವಿನ ಪ್ರಕರಣ. ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಡದ ಅರಣ್ಯ ಭೂಮಿಯನ್ನು ಒಂದು ರೆಸಾರ್ಟಿಗೆ ಗುತ್ತಿಗೆ ಕೊಡಲಾಗಿತ್ತು. ನೆರೆಯಿಂದ ತನ್ನ ಕಟ್ಟಡ ಉಳಿಸಿಕೊಳ್ಳಲು ಆ ರೆಸಾರ್ಟ್ ಯಂತ್ರಗಳನ್ನು ತಂದು ನದಿಯ ದಿಕ್ಕನ್ನೇ ತಿರುಗಿಸಲು ಹೊರಟಿತು. ನದಿ, ಕಡಲತೀರ, ಕಾಡು ಇಂಥವುಗಳಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಕಾಯುವ ಟ್ರಸ್ಟಿ ಮಾತ್ರ ಎಂದು ನ್ಯಾಯಾಲಯ ತೀರ್ಪು ಕೊಟ್ಟು ಆ ಗುತ್ತಿಗೆಯನ್ನು ರದ್ದುಪಡಿಸಿತು. ‘ಸಾರ್ವಜನಿಕ ವಿಶ್ವಸ್ತ ತತ್ವ’ ಎಂದು ಕರೆಯುವ ಈ ವಿಚಾರ ಕಾನೂನು ವಿದ್ಯಾರ್ಥಿಗಳ ಪಠ್ಯದಲ್ಲಿ ಇದೆ. ದಡದ ಮೇಲೆ ನಿಜಕ್ಕೂ ಕಟ್ಟುವ ಸಿವಿಲ್ ಎಂಜಿನಿಯರ್‌ಗಳ ಪಠ್ಯದಲ್ಲೂ ಅದು ಇರಬೇಕಿತ್ತು.

ಈ ತತ್ವವನ್ನು ದಿನನಿತ್ಯದ ಭಾಷೆಗೆ ಇಳಿಸಿದರೆ ಸಿಗುವ ಪ್ರಶ್ನೆ ಸರಳ. ಕೆಲಸ ಹುಡುಕುತ್ತಾ ನಗರಕ್ಕೆ ಬಂದ ಹುಡುಗ, ಪಿ.ಜಿ.ಯ ಹತ್ತಡಿ ಕೋಣೆಯಲ್ಲಿ ಇರುವ ಹುಡುಗಿ, ಸಂಜೆ ಒಂದು ಗಂಟೆ ಕಾಸು ಖರ್ಚಿಲ್ಲದೆ ಕುಳಿತುಕೊಳ್ಳಲು ನಗರದಲ್ಲಿ ಎಲ್ಲಿ ಜಾಗವಿದೆ? ಮಾಲ್‌ನಲ್ಲಿ ಕೂರಲು ಕಾಫಿ ಕೊಳ್ಳಬೇಕು. ಗ್ರಂಥಾಲಯ ಸಂಜೆಗೆ ಮುಚ್ಚುತ್ತದೆ. ನದಿಯ ದಡವೇ ನಮ್ಮ ಪಾಲಿಗೆ ಉಳಿದ ಕೊನೆಯ ಅಂಗಳ. ಅಲ್ಲಿಗೂ ಗೇಟು, ಟಿಕೆಟ್, ಪಾರ್ಕಿಂಗ್ ಶುಲ್ಕ ಬಂದರೆ, ನಮ್ಮದೇ ಸ್ವತ್ತನ್ನು ನಮಗೇ ಬಾಡಿಗೆಗೆ ಕೊಟ್ಟಂತಾಗುತ್ತದೆ. ಆದ್ದರಿಂದ ದಡಕ್ಕೆ ಏನೂ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಬೆಂಚು, ನೆರಳು, ಶೌಚಾಲಯ, ಬೆಳಕು ಬೇಕೇ ಬೇಕು. ಸಂಜೆಯ ಮೇಲೆ ಹೆಣ್ಣುಮಕ್ಕಳು ಹೆದರದೆ ನಡೆಯಬಲ್ಲ ದಾರಿ ಬೇಕು. ಇವೆಲ್ಲ ಎಲ್ಲಿ, ಎಷ್ಟು ಎತ್ತರದಲ್ಲಿ, ಯಾರಿಗೆ ಎಂಬುದಷ್ಟೇ ವಿಷಯ.

ನದಿಗೂ ಅಗಲ ಬೇಕು

ದಡದ ಮೇಲೆ ಜನರಿಗಿಂತ ಹಳೆಯ ಹಕ್ಕು ನದಿಯದು. ನಾವು ಬಿ.ಇ. ತರಗತಿಯಲ್ಲಿ ಮಾಡುವ ಒಂದು ಲೆಕ್ಕವನ್ನು ಇಲ್ಲಿ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. 200 ಮೀಟರ್ ಅಗಲದ ಒಂದು ನದಿ ನೆರೆಯ ದಿನ 4 ಮೀಟರ್ ಆಳದಲ್ಲಿ ಹರಿಯುತ್ತಿದೆ ಎಂದುಕೊಳ್ಳಿ. ಎರಡೂ ಬದಿಯಲ್ಲಿ ಮಣ್ಣು ತುಂಬಿ, ತಡೆಗೋಡೆ ಕಟ್ಟಿ, ಅಗಲವನ್ನು 150 ಮೀಟರಿಗೆ ಇಳಿಸಿದೆವು. ಮೇಲಿನಿಂದ ಬರುವ ನೀರು ಕಡಿಮೆಯಾಗುವುದಿಲ್ಲ. ಇಳಿಜಾರು, ತಳದ ಒರಟುತನ ಮೊದಲಿನಂತೆಯೇ ಇದ್ದರೆ, ಅಷ್ಟೇ ನೀರು ಸಾಗಲು ಆಳ ಸುಮಾರು 4.75 ಮೀಟರಿಗೆ ಏರಬೇಕು. ಅಂದರೆ ಮುಕ್ಕಾಲು ಮೀಟರ್ ಹೆಚ್ಚು. ಸೊಂಟದ ಹತ್ತಿರಕ್ಕೆ ಬರುವ ಈ ನೀರು ಗೋಡೆ ಕಟ್ಟಿದ ಕಡೆ ನಿಲ್ಲದೇ ಇರಬಹುದು. ಗೋಡೆ ಇಲ್ಲದ ಎದುರು ದಡದಲ್ಲೋ ಮೇಲಿನ ಬಡಾವಣೆಯಲ್ಲೋ ನುಗ್ಗುತ್ತದೆ.

ನಯವಾದ ಕಾಂಕ್ರೀಟ್ ಗೋಡೆಯಿಂದ ನೀರು ಬೇಗ ಹರಿದುಹೋಗುತ್ತದಲ್ಲ ಎಂದು ಕೇಳಬಹುದು. ಹೋಗುತ್ತದೆ, ಆದರೆ ವೇಗವಾಗಿ ಹೋದ ನೀರು ಕೆಳಗಿನ ಊರಿಗೆ ಬೇಗ ತಲುಪುತ್ತದೆ, ಗೋಡೆ ಮುಗಿದ ಕಡೆ ದಡವನ್ನು ಕೊರೆಯುತ್ತದೆ. ಮಂಗಳೂರಿನಂಥ ಅಳಿವೆಯ ಊರಿನಲ್ಲಿ ಇನ್ನೊಂದು ತೊಡಕೂ ಇದೆ. ನೆರೆಯ ಹೊತ್ತಿಗೆ ಸಮುದ್ರದಲ್ಲಿ ಉಬ್ಬರವಿದ್ದರೆ ನೀರು ಮುಂದೆ ಹೋಗಲಾಗದೆ ಅಗಲಕ್ಕೆ ಹರಡುತ್ತದೆ. ಹರಡಲು ಜಾಗ ಬೇಕು. 1923ರ ಮಹಾನೆರೆಯನ್ನು ಹಿರಿಯರು ‘ಮಾರಿ ಬೊಳ್ಳ’ ಎಂದು ಇಂದಿಗೂ ನೆನೆಯುತ್ತಾರೆ. 1974ರಲ್ಲಿ ನೇತ್ರಾವತಿ ಮತ್ತೆ ಬಂಟ್ವಾಳವನ್ನು ಮುಳುಗಿಸಿತು. ನಡುವೆ ಅರ್ಧ ಶತಮಾನದ ಅಂತರ. ಐವತ್ತು ವರ್ಷಕ್ಕೊಮ್ಮೆ ಬರುವ ನೆರೆಯನ್ನು ಐದು ವರ್ಷದ ಯೋಜನೆ ಮರೆಯುವುದು ಸುಲಭ, ನದಿ ಮಾತ್ರ ತನ್ನ ದಾರಿಯನ್ನು ಮರೆಯುವುದಿಲ್ಲ.

ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಕುಸಿದವು, ಕುಶಾಲನಗರದಲ್ಲಿ ಕಾವೇರಿ ಬಡಾವಣೆಗಳಿಗೆ ನುಗ್ಗಿದಳು. 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಆಯಿತು. ಮುಳುಗಿದ್ದು ನದಿಗೆ ಹತ್ತಿರದ ತಗ್ಗಿನಲ್ಲಿ ಸೈಟು ಮಾಡಿ ಮಾರಿದ ಜಾಗಗಳು. ನೀರು ಬಂದಾಗ ‘ನದಿ ಊರಿಗೆ ಬಂತು’ ಎಂದೆವು. ಊರೇ ನದಿಯ ಜಾಗಕ್ಕೆ ಹೋಗಿ ಕೂತಿತ್ತು.

ಹಾಗಾದರೆ ಮಾಡುವುದೇನು? ನೆದರ್‌ಲೆಂಡ್ಸ್‌ನ ನೈಮೇಗನ್ ನಗರ ಒಂದು ದಾರಿ ತೋರಿಸಿದೆ. 1995ರಲ್ಲಿ ಆ ದೇಶದಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಶತಮಾನಗಳಿಂದ ಗೋಡೆ ಎತ್ತರಿಸುತ್ತಲೇ ಬಂದಿದ್ದ ದೇಶ ಆಗ ಯೋಚನೆ ಬದಲಿಸಿ ‘ನದಿಗೆ ಜಾಗ’ ಎಂಬ ಕಾರ್ಯಕ್ರಮ ಕೈಗೊಂಡಿತು. ನೈಮೇಗನ್‌ನಲ್ಲಿ ವಾಲ್ ನದಿಯ ದಂಡೆಯನ್ನು 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿದರು. ನೆರೆಯ ಮಟ್ಟ 30 ಸೆಂಟಿಮೀಟರಿಗೂ ಹೆಚ್ಚು ಇಳಿಯಿತು. ನಡುವೆ ಉಳಿದ ದ್ವೀಪ ನಗರದ ಉದ್ಯಾನವಾಯಿತು. ಬೇಸಿಗೆಯಲ್ಲಿ ಜನ ಅಲ್ಲಿ ಈಜುತ್ತಾರೆ, ನೆರೆಯಲ್ಲಿ ಅದರ ತಗ್ಗು ಭಾಗಗಳು ಮುಳುಗುತ್ತವೆ. ಮುಳುಗಿದರೆ ನಷ್ಟವಿಲ್ಲ, ಏಕೆಂದರೆ ಮುಳುಗಲೆಂದೇ ಕಟ್ಟಿದ್ದು.

ಇದು ವಿದೇಶದ ವಿದ್ಯೆಯೇನಲ್ಲ. ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ಪಾತ್ರದಲ್ಲೇ ಒಂದು ಕಲ್ಲಿನ ಮಂಟಪವಿದೆ. ಮಳೆಗಾಲದಲ್ಲಿ ಅದು ಮುಳುಗುತ್ತದೆ, ‘ಮಂಟಪ ಮುಳುಗಿತಂತೆ’ ಎಂದು ಊರಿನವರು ನೋಡಲು ಬರುತ್ತಾರೆ. ನೀರಿಳಿದ ಮೇಲೆ ಮಂಟಪ ಮೊದಲಿನಂತೆಯೇ ನಿಂತಿರುತ್ತದೆ. ನಮ್ಮ ಹಳೆಯ ಸೋಪಾನಗಳು, ಸ್ನಾನಘಟ್ಟಗಳು, ಕಲ್ಲುಮಂಟಪಗಳು ಎಲ್ಲವೂ ನದಿ ಬಂದಾಗ ದಾರಿ ಬಿಟ್ಟು, ಹೋದ ಮೇಲೆ ಜನರಿಗೆ ಸಿಗುವ ರಚನೆಗಳು. ಹೊಸ ನಡಿಗೆ ಪಥಗಳಿಗೂ ಇದೇ ಅಳತೆಗೋಲು ಆಗಬೇಕು. ಮೂರು ದಿನ ನೀರಿನಲ್ಲಿ ಮುಳುಗಿದ್ದು, ನಾಲ್ಕನೇ ದಿನ ಕೆಸರು ತೊಳೆದರೆ ಬಳಕೆಗೆ ಸಿಗುವಂತಿರಬೇಕು. ಆ ಪರೀಕ್ಷೆಯಲ್ಲಿ ಗೆಲ್ಲದ ಕೆಫೆ, ಅಂಗಡಿ, ಕಚೇರಿ ದಡದಿಂದ ಹಿಂದಿನ ರಸ್ತೆಗೆ ಹೋಗಲಿ.

ಮೊದಲು ಚರಂಡಿ, ಆಮೇಲೆ ದೀಪ

ಲಕ್ಷ್ಮಣತೀರ್ಥ ಬ್ರಹ್ಮಗಿರಿಯಿಂದ ಇಳಿಯುವಾಗ ಕೈಯಲ್ಲಿ ಮೊಗೆದು ಕುಡಿಯುವಷ್ಟು ತಿಳಿಯಾಗಿರುತ್ತದೆ. ಅದೇ ನೀರು ಹುಣಸೂರು ಪಟ್ಟಣದ ನಡುವೆ ಹಾಯುವಾಗ ಕೊಳಚೆ ಸೇರಿ, ಬೇಸಿಗೆಯಲ್ಲಿ ಮೂಗು ಮುಚ್ಚಿಕೊಂಡು ಸೇತುವೆ ದಾಟುವಂತಾಗುತ್ತದೆ. ಇದು ಒಂದು ಊರಿನ ಕಥೆಯೇನಲ್ಲ. ನಮ್ಮ ಬಹುತೇಕ ಪಟ್ಟಣಗಳಲ್ಲಿ ನದಿ ಎಂದರೆ ಒಳಚರಂಡಿಯ ಕೊನೆಯ ಪೈಪು.

ಇಂಥ ನದಿಯ ದಡದಲ್ಲಿ ಗ್ರಾನೈಟ್ ಹಾಸಿ, ಬಣ್ಣದ ದೀಪ ಹಾಕಿ, ಸೆಲ್ಫಿ ಪಾಯಿಂಟ್ ಮಾಡಿದರೆ ಅಲ್ಲಿ ಕೂರುವವರು ಯಾರು? ದೇಶದ ಎಲ್ಲ ನಗರಗಳೂ ಮಾದರಿ ಎಂದು ತೋರಿಸುವ ಅಹಮದಾಬಾದಿನ ಸಾಬರಮತಿಯಲ್ಲೂ ಈ ಪಾಠವಿದೆ. ಅಲ್ಲಿ 1997ರಲ್ಲಿ ಯೋಜನೆಗಾಗಿ ಒಂದು ಕಂಪನಿ ಸ್ಥಾಪಿಸಿದರು, 2005ರಲ್ಲಿ ಕಾಮಗಾರಿ ಶುರುವಾಯಿತು, 2012ರಿಂದ ಪಥಗಳು ಜನರಿಗೆ ತೆರೆದವು. ಸುಮಾರು 11 ಕಿಲೋಮೀಟರ್ ಉದ್ದಕ್ಕೂ ನದಿಯ ಅಗಲವನ್ನು ಒಂದೇ ಸಮ 263 ಮೀಟರಿಗೆ ತಂದು, ಎರಡೂ ದಡದಲ್ಲಿ ಸುಮಾರು 200 ಹೆಕ್ಟೇರ್ ಹೊಸ ಜಮೀನು ಪಡೆದರು. ನಗರದೊಳಗೆ ಕಾಣುವ ತುಂಬು ನೀರು ಬಹುಪಾಲು ನರ್ಮದಾ ಕಾಲುವೆಯದು, ಬ್ಯಾರೇಜು ಅದನ್ನು ಹಿಡಿದಿಟ್ಟಿದೆ. ದಡದ ಕೊಳಚೆ ಪೈಪುಗಳನ್ನು ತಡೆದು ಬೇರೆಡೆ ಒಯ್ದದ್ದು ಆ ಯೋಜನೆಯ ಒಳ್ಳೆಯ ಭಾಗ, ಅದನ್ನು ಒಪ್ಪಲೇಬೇಕು. ಆದರೆ ನಗರ ದಾಟಿದ ಕೆಳಗಿನ ಸಾಬರಮತಿ ದೇಶದ ಅತಿ ಮಲಿನ ನದಿಭಾಗಗಳಲ್ಲಿ ಒಂದು. ಕನ್ನಡಿಯ ಮುಂದೆ ಮುಖಕ್ಕಷ್ಟೇ ಪೌಡರ್ ಹಚ್ಚಿದಂತಾಯಿತು.

ನರ್ಮದೆಯನ್ನು ತಂದು ಸುರಿಯುವ ಸೌಕರ್ಯ ತುಂಗೆಗೂ ಇಲ್ಲ, ನೇತ್ರಾವತಿಗೂ ಇಲ್ಲ. ಆದ್ದರಿಂದ ಕೆಲಸದ ಕ್ರಮ ಬದಲಾಗಬೇಕು. ಮೊದಲ ಕಂತಿನ ಹಣ ನದಿಗೆ ಬೀಳುವ ಪ್ರತಿ ಚರಂಡಿಯನ್ನು ಗುರುತಿಸಿ ಶುದ್ಧೀಕರಣ ಘಟಕಕ್ಕೆ ಜೋಡಿಸಲು ಹೋಗಲಿ. ದೀಪ, ಕಾರಂಜಿ ಕೊನೆಯ ಕಂತಿಗೆ ಇರಲಿ. ನೆಲದ ಕೆಳಗಿನ ಪೈಪಿನ ಉದ್ಘಾಟನೆಗೆ ಟೇಪು ಕತ್ತರಿಸಲಾಗುವುದಿಲ್ಲ ಎಂಬ ಕಾರಣಕ್ಕೆ ನಮ್ಮಲ್ಲಿ ಈ ಕ್ರಮ ಸದಾ ತಲೆಕೆಳಗಾಗುತ್ತದೆ.

ಅಲ್ಲಿ ಈಗಾಗಲೇ ಇರುವವರು

ಸಾಬರಮತಿಯ ದಡದಲ್ಲಿ ಗುಡಿಸಲು ಹಾಕಿಕೊಂಡಿದ್ದ 10 ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಸ್ಥಳಾಂತರಿಸಲಾಯಿತು. ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಅವರಲ್ಲಿ ಬಹುಪಾಲು ಜನರಿಗೆ ಫ್ಲ್ಯಾಟುಗಳೂ ಸಿಕ್ಕವು. ಆದರೆ ಅವುಗಳಲ್ಲಿ ಹಲವು ನಗರದ ಅಂಚಿನಲ್ಲಿದ್ದವು. ದಡದಲ್ಲಿದ್ದಾಗ ನಡೆದು ಹೋಗುತ್ತಿದ್ದ ಮನೆಗೆಲಸ, ಗಾಡಿ ವ್ಯಾಪಾರ, ಕೂಲಿಗೆ ಈಗ ಬಸ್ಸಿನ ಖರ್ಚು. ಮನೆ ಕೊಟ್ಟು ದುಡಿಮೆ ಕಿತ್ತುಕೊಂಡರೆ ಅದನ್ನು ಪುನರ್ವಸತಿ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಕೊಡಗಿನಲ್ಲಿ ಈ ಪ್ರಶ್ನೆ ಇನ್ನೂ ಕಟುವಾಗಿದೆ. ಸಿದ್ದಾಪುರದ ಕರಡಿಗೋಡು, ನೆಲ್ಯಹುದಿಕೇರಿಯ ಕಾವೇರಿ ದಡದಲ್ಲಿ ವಾಸವಾಗಿರುವವರಲ್ಲಿ ಹೆಚ್ಚಿನವರು ಕಾಫಿ ತೋಟಗಳಲ್ಲಿ ದುಡಿದವರು. ತೋಟದ ಲೈನ್ ಮನೆ ಬಿಟ್ಟ ಮೇಲೆ ಬೇರೆ ನೆಲ ಸಿಗದೆ ನದಿಯ ಅಂಚಿಗೆ ಬಂದವರು. 2019ರ ನೆರೆಯಲ್ಲಿ ಅವರ ಮನೆಗಳು ಕೊಚ್ಚಿಹೋದವು. ಪ್ರತಿ ಮಳೆಗಾಲ ಹತ್ತಿರವಾದಾಗ ‘ಸುರಕ್ಷಿತ ಜಾಗಕ್ಕೆ ತೆರಳಿ’ ಎಂಬ ಸೂಚನೆ ಬರುತ್ತದೆ. ಅವರು ಅಲ್ಲಿಂದ ಏಳಬೇಕು ಎಂಬುದು ಸರಿ. ದಡ ಮನೆ ಕಟ್ಟುವ ಜಾಗವಲ್ಲ ಎಂದು ಇಲ್ಲಿಯವರೆಗೆ ಬರೆದ ನಾನು ಬೇರೆ ಮಾತು ಹೇಳಲಾರೆ. ಆದರೆ ಅದೇ ಕಾವೇರಿಯ ಅಂಚಿನಲ್ಲಿ, ನೀರಿಗೆ ಮುಖ ಮಾಡಿ ನಿಂತ ಪ್ರವಾಸಿ ಕಟ್ಟಡಗಳಿಗೂ ಅದೇ ನಿಯಮ ಅನ್ವಯವಾಗಬೇಕು. ಬಡವ ಕೂತರೆ ಒತ್ತುವರಿ, ಹಣವಿದ್ದವ ಕೂತರೆ ‘ರಿವರ್ ವ್ಯೂ’ ಎಂಬ ಎರಡು ಅಳತೆ ಇರುವವರೆಗೆ ದಡ ತೆರವು ಮಾಡುವ ಯಾವ ಕಾರ್ಯಾಚರಣೆಯನ್ನೂ ಜನ ನಂಬುವುದಿಲ್ಲ.

ಮಂಗಳೂರಿನ ದಡವೂ ಖಾಲಿಯಿಲ್ಲ. ಬೆಂಗ್ರೆಯ ಜನ ಇಂದಿಗೂ ದೋಣಿ ಹತ್ತಿ ಬಂದರಿಗೆ ಬರುತ್ತಾರೆ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿ ಸಾಗುತ್ತದೆ. ಅಳಿವೆಯಲ್ಲಿ ಬಲೆ ಬೀಸುವವರು, ಮರುವಾಯಿ ಹೆಕ್ಕುವವರು, ದೋಣಿ ಎಳೆದು ಕಟ್ಟುವವರು ಇದ್ದಾರೆ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು, ಸಿಗಡಿಯ ಮರಿಗಳು ಬೆಳೆಯುತ್ತವೆ, ಅವೇ ಬೇರುಗಳು ದಡದ ಮಣ್ಣನ್ನೂ ಹಿಡಿದಿಡುತ್ತವೆ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆ ಇಂಥ ಉಬ್ಬರವಿಳಿತದ ನದಿಗಳ ದಡದಲ್ಲಿ 100 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅಷ್ಟನ್ನು ಕಾಪಾಡಿತ್ತು. 2019ರ ಅಧಿಸೂಚನೆ ಆ 100 ಮೀಟರನ್ನು 50ಕ್ಕೆ ಇಳಿಸಿತು. ಉಳಿದ 50 ಮೀಟರನ್ನಾದರೂ ಪ್ರಾಮಾಣಿಕವಾಗಿ ಉಳಿಸಿಕೊಳ್ಳೋಣ ಎಂಬ ಬೇಡಿಕೆಯಲ್ಲಿ ಅಭಿವೃದ್ಧಿ ವಿರೋಧ ಎಲ್ಲಿದೆ?

ಉದ್ಯೋಗದ ಮಾತು

ಇಂಥ ಯೋಜನೆಗಳನ್ನು ಪ್ರಶ್ನಿಸಿದಾಗಲೆಲ್ಲ ನಮ್ಮ ವಯಸ್ಸಿನವರ ಮುಂದೆ ಇಡುವ ಮಾತೊಂದಿದೆ: ‘ನಿಮಗೆ ಉದ್ಯೋಗ ಬೇಡವೇ?’ ಬೇಕು. ಕೊನೆಯ ಸೆಮಿಸ್ಟರ್ ಹತ್ತಿರವಾದಂತೆ ಎದೆ ಬಡಿತ ಹೆಚ್ಚಾಗುವ ಯಾರೂ ಈ ಮಾತನ್ನು ಹಗುರವಾಗಿ ತಳ್ಳಲಾರರು. ಆದರೆ ಯಾವ ಉದ್ಯೋಗ, ಎಷ್ಟು ಕಾಲದ ಉದ್ಯೋಗ ಎಂದು ಕೇಳುವ ಹಕ್ಕು ನಮಗಿದೆ. ಕಾಂಕ್ರೀಟ್ ಹಾಕುವ ಕೆಲಸ ಎರಡು ವರ್ಷದ್ದು. ಮುಗಿದ ಮೇಲೆ ಉಳಿಯುವುದು ಗುತ್ತಿಗೆಯ ಭದ್ರತಾ ಸಿಬ್ಬಂದಿ, ಟಿಕೆಟ್ ಕೌಂಟರ್. ಅದೇ ಹಣವನ್ನು ಚರಂಡಿ ಜಾಲ, ಶುದ್ಧೀಕರಣ ಘಟಕ, ನೀರಿನ ಗುಣಮಟ್ಟ ಪರೀಕ್ಷೆ, ನೆರೆ ಮುನ್ಸೂಚನೆ, ದೋಣಿ ಸಾರಿಗೆಗೆ ಹಾಕಿದರೆ ಎಂಜಿನಿಯರ್, ರಸಾಯನಶಾಸ್ತ್ರ ಓದಿದವರು, ಐ.ಟಿ.ಐ. ಮುಗಿಸಿದವರು, ದೋಣಿ ನಡೆಸುವವರು ಎಲ್ಲರಿಗೂ ಊರಿನಲ್ಲೇ ಬಹುಕಾಲದ ಕೆಲಸ ಹುಟ್ಟುತ್ತದೆ. ನದಿಯನ್ನು ನೋಡಿಕೊಳ್ಳುವುದೇ ಒಂದು ಉದ್ಯೋಗ ಕ್ಷೇತ್ರ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ದಡವನ್ನು ಹಾಗೆಯೇ ಬಿಟ್ಟರೆ ಒತ್ತುವರಿಯಾಗುತ್ತದೆ, ಕಟ್ಟಡದ ಅವಶೇಷ ಸುರಿಯುತ್ತಾರೆ, ಕತ್ತಲಾದ ಮೇಲೆ ಯಾರೂ ಹೋಗಲಾಗದ ಜಾಗವಾಗುತ್ತದೆ. ಇದು ನಿಜ. ಕಾವಲಿಲ್ಲದ ಸಾರ್ವಜನಿಕ ಜಾಗ ಬಲವಿದ್ದವನ ಪಾಲಾಗುತ್ತದೆ. ಅದಕ್ಕಾಗಿಯೇ ಜನ ಓಡಾಡುವ ದಾರಿಯೊಂದು ದಡದಲ್ಲಿ ಇರಲೇಬೇಕು. ದಿನವೂ ನೂರು ಜನ ನಡೆಯುವ ದಡದಲ್ಲಿ ರಾತ್ರೋರಾತ್ರಿ ಮಣ್ಣು ತುಂಬಿಸುವುದು ಕಷ್ಟ. ಆದರೆ ಈ ಕಾವಲಿಗೆ ನದಿಯ ಪಾತ್ರಕ್ಕೆ ಚಾಚಿದ ಗೋಡೆ ಬೇಕಿಲ್ಲ. ಗಡಿಕಲ್ಲು ನೆಟ್ಟು, ನೆರೆ ಮಟ್ಟ ಗುರುತಿಸಿ, ಅದರಾಚೆ ನೆರಳಿನ ಮರದ ಸಾಲು ಮತ್ತು ನೀರಿಳಿಯುವ ನೆಲಹಾಸಿನ ದಾರಿ ಮಾಡಿದರೆ ಸಾಕು. ಖರ್ಚೂ ಕಡಿಮೆ.

ನಾವೇನು ಕೇಳಬೇಕು

ಯಾವ ಊರಿನಲ್ಲಿ ನದಿ ದಡದ ಯೋಜನೆ ಘೋಷಣೆಯಾದರೂ ನಾವು ಐದು ಬೇಡಿಕೆ ಇಡಬಹುದು. ಒಂದು, ಗೊತ್ತಿರುವ ಅತಿ ದೊಡ್ಡ ನೆರೆಯ ಮಟ್ಟವನ್ನು ದಡದಲ್ಲಿ ಎಲ್ಲರಿಗೂ ಕಾಣುವಂತೆ ಕಂಬ ನೆಟ್ಟು ಗುರುತಿಸಿ, ಅದರ ಒಳಗೆ ಶಾಶ್ವತ ಕಟ್ಟಡ ಬೇಡ. ಎರಡು, ಯೋಜನೆಯ ಮೊದಲು ಮತ್ತು ನಂತರದ ನದಿಯ ಅಡ್ಡಕೊಯ್ತದ ನಕ್ಷೆಗಳನ್ನು ಕನ್ನಡದ ವಿವರಣೆಯೊಂದಿಗೆ ಪ್ರಕಟಿಸಿ. ಮೂರು, ಚರಂಡಿ ತಡೆಯುವ ಕೆಲಸ ಮುಗಿಯದೆ ಅಲಂಕಾರದ ಕೆಲಸಕ್ಕೆ ಬಿಲ್ ಪಾವತಿ ಬೇಡ. ನಾಲ್ಕು, ದಡದಲ್ಲಿ ದುಡಿಯುವವರ ಪಟ್ಟಿ ಮೊದಲೇ ಆಗಲಿ, ಅವರ ದೋಣಿ ತಂಗುವ ಜಾಗ, ಬಲೆ ಒಣಗಿಸುವ ಜಾಗ ನಕ್ಷೆಯಲ್ಲೇ ಇರಲಿ. ಐದು, ಪ್ರವೇಶ ಶುಲ್ಕ ಬೇಡ, ಜಮೀನಿನ ಮಾರಾಟವಾಗಲಿ ದೀರ್ಘ ಗುತ್ತಿಗೆಯಾಗಲಿ ಬೇಡ.

ಇವುಗಳನ್ನು ಕೇಳಲು ನ್ಯಾಯಾಲಯದವರೆಗೆ ಹೋಗಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು. ವಾರ್ಡ್ ಸಮಿತಿಯ ಸಭೆಗೆ ಹೋಗಬಹುದು. ಯೋಜನೆಯ ಕರಡು ಪ್ರಕಟವಾದಾಗ ನಿಗದಿತ ದಿನದೊಳಗೆ ಲಿಖಿತ ಆಕ್ಷೇಪ ಸಲ್ಲಿಸಬಹುದು. ಸಿವಿಲ್ ಓದುತ್ತಿರುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾವುದೋ ಕಾಲ್ಪನಿಕ ಕಾಲುವೆಯ ಬದಲು ತಮ್ಮೂರಿನ ನದಿಯನ್ನೇ ಆರಿಸಿಕೊಳ್ಳಿ. ಸೇತುವೆಯ ಕೆಳಗಿನ ಅಡ್ಡಕೊಯ್ತ ಅಳೆಯಿರಿ, ಹಿರಿಯರನ್ನು ಕೇಳಿ 2018, 2019ರ ನೀರು ಯಾವ ಗೋಡೆಯ ಯಾವ ಎತ್ತರಕ್ಕೆ ಬಂದಿತ್ತು ಎಂದು ಗುರುತಿಸಿ. ಕಾಮರ್ಸ್ ವಿದ್ಯಾರ್ಥಿಗಳು ಟೆಂಡರ್ ದಾಖಲೆ ಓದಲಿ, ಪತ್ರಿಕೋದ್ಯಮದವರು ದೋಣಿಯವರ ಮಾತು ದಾಖಲಿಸಲಿ. ಸಭೆಯಲ್ಲಿ ಘೋಷಣೆ ಕೂಗುವ ನೂರು ಜನರಿಗಿಂತ, ಅಳತೆಯ ಹಾಳೆ ಹಿಡಿದು ಬಂದ ನಾಲ್ಕು ವಿದ್ಯಾರ್ಥಿಗಳಿಗೆ ಉತ್ತರ ಕೊಡುವುದು ಅಧಿಕಾರಿಗಳಿಗೆ ಹೆಚ್ಚು ಕಷ್ಟ.

ಕುಶಾಲನಗರ ಇಂದು ಕೊಡಗಿನಲ್ಲಿ ವೇಗವಾಗಿ ಬೆಳೆಯುತ್ತಿರುವ ಪಟ್ಟಣ. ಪ್ರವಾಸಿಗರೂ ಇದ್ದಾರೆ, ಕಾವೇರಿಯೂ ಇದ್ದಾಳೆ. ಅಲ್ಲಿಗೂ ಒಂದು ದಿನ ದಡದ ಸುಂದರ ಬಣ್ಣದ ನಕ್ಷೆಯೊಂದು ಬಂದೇ ಬರುತ್ತದೆ. ಆ ನಕ್ಷೆಯಲ್ಲಿ ಮರ, ಬೆಂಚು, ಬಲೂನು ಹಿಡಿದ ಮಗು ಎಲ್ಲವೂ ಇರುತ್ತವೆ, ನದಿ ಮಾತ್ರ ಬೇಸಿಗೆಯ ನೀಲಿ ಗೆರೆಯಾಗಿರುತ್ತದೆ. ಆಗಸ್ಟ್ ತಿಂಗಳ ನದಿಯನ್ನೂ ಅದೇ ನಕ್ಷೆಯಲ್ಲಿ ಬರೆದು ತೋರಿಸಿ ಎಂದು ನಾವು ಕೇಳಬೇಕು. ಆ ಎರಡನೇ ಗೆರೆ ಎಳೆದ ಮೇಲೆ ಎಷ್ಟು ಜಾಗ ಉಳಿಯುತ್ತದೋ ಅಷ್ಟರಲ್ಲೇ ನಮ್ಮ ಕಟ್ಟಡಗಳೆಲ್ಲ ನಿಲ್ಲಬೇಕು.